ಸೋತ ಆಟಕ್ಕೆ ಸಕ್ಕರೆ

ಬಾಗೇವಾಡಿಯಿಂದ ಬಂದು ಮೂರು ದಿನವಾಯಿತು, ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಹಿಟ್ಟು ನಾದುತ್ತಿದ್ದವಳು ಎದ್ದು ಬಾಗಿಲಿಗೆ ಬರುತ್ತೇನೆ. ಬಾಗಿಲಿಗೆ ಯಾಕೆ ಬಂದೆನೆಂಬುದು ಮರೆತು ಓಣಿಯ ತುದಿಯವರೆಗೆ ಹೋಗುತ್ತೇನೆ. ಅಷ್ಟು ದೂರ ಹೋದ ಮೇಲೆ ಸಿಕ್ಕವರಿಗೆ ಸುದ್ದಿ ಹೇಳದೆ ಬರುವುದಾದರೂ ಹೇಗೆ? ಹಾಲಿನವನಿಗೆ ಹೇಳಿದೆ. ಗಿರಣಿಯವನಿಗೆ ಹೇಳಿದೆ, ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲವೆಂದು ಗಿರಣಿ ನಿಂತ ಮೇಲೆ ಇನ್ನೊಮ್ಮೆ ಹೇಳಿದೆ. ಸಿಂದಗಿ ಬಸ್ಸಿನ ಕಂಡಕ್ಟರ್ ಟಿಕೆಟು ಕೇಳುವ ಮೊದಲೇ ಅವನಿಗೂ ಹೇಳಿದೆ.

ಬಂದ ದಿನ ಸಂಜೆಯೇ ತಾಟಿನ ತುಂಬ ಸಕ್ಕರೆ ಸುರುವಿಕೊಂಡು ಮನೆಮನೆಗೆ ಹೋಗಿದ್ದೆ. ಎದುರು ಮನೆಯಾಕೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು:

"ಗೆದ್ದು ಬಂದ್ಲೇನ್ರಿ ಮೊಮ್ಮಗಳು?"

"ಇಲ್ಲವ್ವಾ, ಸೋತು ಬಂದಾಳ."

ಅವಳು ಸಕ್ಕರೆ ನುಂಗಲೋ ಉಗುಳಲೋ ಎಂಬಂತೆ ನಿಂತಳು.

"ಮತ್ತ ಈ ಸಕ್ರಿ ಯಾತಕ್ರಿ?"

"ಸೋತದ್ದಕ್ಕ."

"ಯವ್ವಾ, ಒಳಗ ಬರ್ರಿ, ಜರಾ ಕುಂಡ್ರರಿ," ಎಂದು ಅವಳು ಒಂದು ತಂಬಿಗೆ ನೀರು ತಂದು ಕೊಟ್ಟಳು. ಮೈದಾನದ ಬಿಸಿಲು ತಲೆಗೆ ಹತ್ತಿದೆ ಅಂದುಕೊಂಡಿರಬೇಕು.

ಬಾಯಲ್ಲಿ ಹೇಳಿದರೆ ಯಾರೂ ಕೊನೆಯವರೆಗೆ ಕೇಳುವುದಿಲ್ಲ, ಅರ್ಧಕ್ಕೇ ನೀರು ಕೊಡುತ್ತಾರೆ. ಅದಕ್ಕೇ ಮೊಮ್ಮಗಳ ಹಳೆಯ ವಹಿಯಲ್ಲಿ ಖಾಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆವರೆಗೆ. ಅಕ್ಷರ ಡೊಂಕಾಗಿದ್ದರೆ ಓದುವವರು ಸ್ವಲ್ಪ ಕತ್ತು ಡೊಂಕು ಮಾಡಿಕೊಳ್ಳಲಿ.

ಮೊಮ್ಮಗಳು ನನ್ನ ಮಗನ ಮಗಳು. ನಮ್ಮದು ಕನ್ನೊಳ್ಳಿ ಕಡೆಯ ಹಳ್ಳಿ, ಅವಳ ಶಾಲೆ ಸಿಂದಗಿಯಲ್ಲಿ, ಈಗ ಹತ್ತನೇ ಇಯತ್ತೆ. ಎರಡು ವರ್ಷದ ಹಿಂದೆ ಶಾಲೆಯ ಹೊರಗಿನ ಹುಣಸೆ ಮರಕ್ಕೆ ಕಲ್ಲು ಒಗೆಯುತ್ತಿದ್ದಾಗ ಅವರ ಪಿ.ಟಿ. ಸರ್ ನೋಡಿದರಂತೆ. ಕಿವಿ ಹಿಂಡುತ್ತಾರೆ ಎಂದು ಇವಳು ನಿಂತರೆ, ಅವರು "ಆ ತುದೀ ಕಾಯಿ ಬೀಳಸು ನೋಡೂಣು" ಅಂದರಂತೆ. ಬೀಳಿಸಿದಳು. "ಅದರ ಬಾಜೂಕಿಂದು?" ಅದನ್ನೂ ಬೀಳಿಸಿದಳು. ಮರುದಿನ ಅವಳ ಕೈಗೆ ಒಂದು ಬಿಳಿ ಚೆಂಡು ಬಂತು. ಕೌದಿಗೆ ಹಾಕಿದಂಥ ಕೆಂಪು ಹೊಲಿಗೆ ಅದರ ಮೈಮೇಲೆ. ಬೇಸ್‌ಬಾಲ್ ಅಂತೆ.

ಆ ಆಟವನ್ನು ನನಗೆ ಅಡುಗೆಮನೆಯಲ್ಲೇ ಕಲಿಸಿದಳು. ರೊಟ್ಟಿಯ ಪರಾತ ನೆಲಕ್ಕಿಟ್ಟು, "ಆಯಿ, ಇದು ಮನಿ," ಅಂದಳು. ಮೂರು ಮೂಲೆಗೆ ಮೂರು ಬಟ್ಟಲು ಇಟ್ಟಳು. "ಚೆಂಡು ಹೊಡದು ಮನಿಯಿಂದ ಹೊಂಡೂದು, ಈ ಮೂರೂ ಮುಟ್ಟೂದು, ಮತ್ತ ಮನಿಗೆ ಬರೂದು. ಬಂದ್ರ ಒಂದು ಓಟ."

"ಇದರಾಗ ಆಟ ಏನೈತಿ? ಮನಿ ಬಿಟ್ಟು ಹೊಲ, ಬಾವಿ, ಗಿರಣಿ ಮುಟ್ಟಿ ಮತ್ತ ಮನಿಗೆ ಬರೂದು ನಾ ದಿನಾ ಮಾಡತೇನಿ. ನನಗ್ಯಾರು ಓಟ ಕೊಟ್ಟಾರ?"

ಅವಳು ನಕ್ಕು ನಕ್ಕು ಪರಾತದ ಮೇಲೇ ಕೂತಳು. ಅವಳು ಓಡುವುದಕ್ಕಿಂತ ಹೆಚ್ಚು ಒಗೆಯುವವಳು. ಪಿಚರ್ ಅನ್ನುತ್ತಾರೆ. ಎದುರು ತಂಡದ ಹುಡುಗಿ ಬ್ಯಾಟು ಹಿಡಿದು ನಿಂತಿರುತ್ತಾಳೆ, ಅವಳ ಹಿಂದೆ ದಪ್ಪ ಕೈಗವಸು ಹಾಕಿಕೊಂಡು ಕ್ಯಾಚರ್ ಕೂತಿರುತ್ತಾಳೆ. ಇವಳು ಒಗೆದದ್ದು ಬ್ಯಾಟಿನವಳ ಎದುರು, ಎದೆ ಮೊಣಕಾಲುಗಳ ನಡುವೆ ನೇರವಾಗಿ ಹೋಗಿ ಕೈಗವಸಿಗೆ ಬಿದ್ದರೆ ಸ್ಟ್ರೈಕ್. ಆಚೀಚೆ ಹೋದರೆ ಅದಕ್ಕೆ ಬಾಲ್ ಅನ್ನುತ್ತಾರೆ. ಚೆಂಡಿಗೆ ಚೆಂಡು ಅಂದರೆ ತಪ್ಪು ಅಂತ ಅರ್ಥ, ಇದು ನನ್ನ ತಲೆಗೆ ಹೋಗಲು ಒಂದು ವಾರ ಹಿಡಿಯಿತು. ಅಂಥ ನಾಲ್ಕು ತಪ್ಪಾದರೆ ಬ್ಯಾಟಿನವಳು ಹೊಡೆಯದೆಯೇ ಮೊದಲ ಬಟ್ಟಲಿಗೆ, ಅದಕ್ಕೆ ಬೇಸು ಅನ್ನುತ್ತಾರೆ, ನಡೆದುಕೊಂಡು ಹೋಗಬಹುದು. ಆಟ ಇಷ್ಟೇ. ಉಳಿದದ್ದು ಗದ್ದಲ.

ದಸರಾ ಸೂಟಿಗಿಂತ ಮೊದಲು ಮುದ್ದೇಬಿಹಾಳದ ಕಡೆಯ ಒಂದು ಶಾಲೆಯ ಹುಡುಗಿಯರು ಅಭ್ಯಾಸದ ಆಟಕ್ಕೆಂದು ಸಿಂದಗಿಗೆ ಬಂದಿದ್ದರು. ಮಜ್ಜಿಗೆಯ ಡಬರಿ ಹಿಡಿದುಕೊಂಡು ನಾನೂ ಹೋಗಿದ್ದೆ. ಅವರಲ್ಲಿ ಒಬ್ಬಳು ಎತ್ತರದ ಹುಡುಗಿ, ಉದ್ದ ಜಡೆಯನ್ನು ಅಂಗಿಯೊಳಗೆ ತುರುಕಿಕೊಂಡಿದ್ದಳು. ಬ್ಯಾಟು ಹಿಡಿದು ಮುಂದಕ್ಕೆ ಬಾಗಿ ನಿಲ್ಲುವ ಚಾಳಿ ಅವಳದು. ನಮ್ಮವಳು ಒಗೆದ ಚೆಂಡು ಸೊಯ್ಯೆಂದು ಒಳಗೆ ತಿರುಗಿ ಆ ಹುಡುಗಿಯ ಮೊಣಕೈಗೆ ಬಡಿಯಿತು. ಹಸಿ ಕುಂಬಳಕಾಯಿ ನೆಲಕ್ಕೆ ಬಿದ್ದ ಹಾಗೆ ಸದ್ದಾಯಿತು. ಹುಡುಗಿ ಅಲ್ಲೇ ಕೂತುಬಿಟ್ಟಳು.

ಅವರ ಕಡೆಯವರೆಲ್ಲ ಓಡಿದರು. ನಮ್ಮ ಕಡೆಯ ಇಬ್ಬರೂ ಓಡಿದರು. ನಮ್ಮವಳು ಮಾತ್ರ ನಿಂತಲ್ಲೇ ನಿಂತಳು, ಎಸೆದ ಕೈ ಇನ್ನೂ ಮುಂದಕ್ಕೇ ಇತ್ತು. "ಬೇಕಂತ ಹೊಡದ್ಲು! ನೋಡ, ಬಂದು ಮಾತಾಡಸಲೂ ಇಲ್ಲ!" ಎಂದು ಮುದ್ದೇಬಿಹಾಳದ ಒಬ್ಬಳು ಕೂಗಿದಳು. ಮೂಳೆಗೆ ಏನೂ ಆಗಿರಲಿಲ್ಲ, ಬಾತು ಕರ್ರಗಾಗಿತ್ತು ಅಷ್ಟೆ. ಆಟ ಮುಂದುವರಿಯಿತು. ಆದರೆ ಅಲ್ಲಿಂದ ನಮ್ಮವಳು ಒಗೆದದ್ದೆಲ್ಲ ಬ್ಯಾಟಿಗೆ ಒಂದು ಮೊಳ ದೂರ, ಎರಡು ಮೊಳ ದೂರ. ಮುದ್ದೇಬಿಹಾಳದವರು ಹೊಡೆಯುವುದನ್ನೇ ಬಿಟ್ಟು ಸಂತೆಗೆ ಹೋಗುವವರ ಹಾಗೆ ಒಬ್ಬರ ಹಿಂದೊಬ್ಬರು ನಡೆದರು.

ಇಲ್ಲಿ ನನ್ನದೊಂದು ತಪ್ಪಿದೆ, ಅದನ್ನೂ ಬರೆಯಬೇಕು. ಊರಿಗೆ ಬರುವ ಬಸ್ಸಿನಲ್ಲಿ ಅವಳ ಮುಖ ನೋಡಿ ಸಮಾಧಾನ ಮಾಡೋಣವೆಂದು ಅಂದೆ:

"ಯಾಕಷ್ಟು ಸಪ್ಪಗಾಗೀದಿ? ಏನ್ ಕೈ ಬಿಡವ್ವಾ ನಿಂದು! ಒಂದ ಏಟಿಗೆ ಕುಂಡ್ರಿಸಿಬಿಟ್ಟಿ ಆಕೀನ."

ಅವಳು ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆ ತಿರುಗಿದವಳು ನಮ್ಮ ಊರು ಬರುವವರೆಗೆ ಈ ಕಡೆ ತಿರುಗಲಿಲ್ಲ.

ಸೂಟಿ ಶುರುವಾಗುವ ದಿನ ಪಿ.ಟಿ. ಸರ್ ಅವಳಿಗೆ ಹೇಳಿದರು: ಸೂಟಿ ಮುಗಿದ ಮೇಲೆ ಜಿಲ್ಲೆಯ ಆಟ ಬಾಗೇವಾಡಿಯಲ್ಲಿದೆ, ಅಷ್ಟರಲ್ಲಿ ಕೈ ಹತೋಟಿಗೆ ಬಂದರೆ ನೀನೇ ಒಗೆಯುತ್ತಿ, ಇಲ್ಲದಿದ್ದರೆ ಬೇರೆಯವಳನ್ನು ನಿಲ್ಲಿಸುತ್ತೇನೆ. ಮುಂದಿನ ವರ್ಷ ಈ ಶಾಲೆಯಲ್ಲಿ ಅವಳು ಇರುವುದಿಲ್ಲ. ಇದೇ ಕೊನೆಯ ಆಟ.

ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಲಿಯಿಂದ ಒಂದು ಚೌಕ ಬರೆದುಕೊಂಡಳು. ಬೆಳಿಗ್ಗೆ ಎದ್ದು ಒಗೆಯುವಳು. ಹತ್ತಕ್ಕೆ ಒಂಬತ್ತು ಚೌಕದೊಳಗೆ! ನಾನು ಹಿಗ್ಗಿ, "ಬಂತಲ್ಲವ್ವಾ ಕೈ!" ಅಂದರೆ ಅವಳು ತಲೆ ಅಲ್ಲಾಡಿಸಿದಳು.

"ಅಲ್ಲಿ ಯಾರೂ ಇಲ್ಲಲ್ಲ ಆಯಿ. ಗ್ವಾಡಿಗೆ ನೋವಾಗೂದಿಲ್ಲ."

ಹಾಗಾದರೆ ನಾನೇ ನಿಲ್ಲುತ್ತೇನೆ ಎಂದೆ. ತಲೆಗೆ ರೊಟ್ಟಿಯ ಬುಟ್ಟಿ ಬೋರಲು ಹಾಕಿಕೊಂಡು, ಅದರ ಮೇಲೆ ಟವೆಲು ಬಿಗಿದು, ಕೈಯಲ್ಲಿ ಬಟ್ಟೆ ಒಗೆಯುವ ಬಡಿಗೆ ಹಿಡಿದು ಚೌಕದ ಪಕ್ಕ ನಿಂತೆ. ಎದುರು ಮನೆಯಾಕೆ ನೀರಿನ ಕೊಡ ಹೊತ್ತು ಬಂದವಳು ಅದನ್ನು ಕೆಳಗಿಟ್ಟು ನಿಂತು ನೋಡಿದಳು.

"ಯವ್ವಾ, ಎಲ್ಲಿ ಲಡಾಯಿಗೆ ಹೊಂಟೀರ್ರಿ?"

"ಮುದ್ದೇಬಿಹಾಳದ ಮ್ಯಾಲೆ."

ಮೊದಲ ಚೆಂಡು ಅವಳ ನೀರಿನ ಕೊಡಕ್ಕೇ ಹೋಗಿ ಬಡಿಯಿತು. ಎರಡನೆಯದು ಎಮ್ಮೆಯ ಬೆನ್ನ ಮೇಲಿಂದ ಹಾದು ತಿಪ್ಪೆಗೆ ಬಿತ್ತು. ಎದುರು ಮನೆಯಾಕೆ ತನ್ನ ಕೊಡ ಅಪ್ಪಿಕೊಂಡು ಒಳಗೆ ಹೋದಳು. ಪಕ್ಕದಲ್ಲಿ ಮನುಷ್ಯರು ನಿಂತರೆ ಮೊಮ್ಮಗಳ ಕೈ ತಾನಾಗಿಯೇ ಹೊರಗೆ ತಿರುಗುತ್ತಿತ್ತು. ಅವಳು ಬೇಡವೆಂದರೂ ಕೇಳುತ್ತಿರಲಿಲ್ಲ.

ಸರ್ ಅವಳಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ದಿನಾ ಸಂಜೆ ಕಣ್ಣು ಮುಚ್ಚಿ ಕೂಡಬೇಕು. ಉಸಿರು ಎಳೆಯಬೇಕು, ಬಿಡಬೇಕು. ಮನಸ್ಸಿನಲ್ಲೇ ಮೈದಾನ ನೋಡಬೇಕು, ಕ್ಯಾಚರಳ ಕೈಗವಸು ನೋಡಬೇಕು, ಒಗೆಯಬೇಕು. ಅವಳು ತುಳಸಿಕಟ್ಟೆಯ ಹತ್ತಿರ ಕೂತು ಹಾಗೆ ಮಾಡುವಾಗ ನಾನು ಕೋಳಿಗಳನ್ನು ಸಹ ಆ ಕಡೆ ಬಿಡುತ್ತಿರಲಿಲ್ಲ. ಆದರೆ ನನಗೆ ತಡೆಯುತ್ತಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಹೋಗಿ ಅವಳ ಮುಖ ಬಗ್ಗಿ ನೋಡುವುದು, ಬರುವುದು. ಒಂದು ಸಂಜೆ ಕಣ್ಣು ಮುಚ್ಚಿಕೊಂಡೇ ಅವಳು ಅಂದಳು:

"ಆಯಿ, ಮನಸಿನಾಗ ಒಗದ್ರೂ ಹೊರಗ ಹೊಂಟೈತಿ."

ಅದು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅವತ್ತು ಬಸ್ಸಿನಲ್ಲಿ ಹಾಗೆ ಮಾತಾಡಿದ್ದೆ. ಅವಳ ಪಕ್ಕ ಕೂತು, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.

ನನ್ನ ತವರು ಇಂಡಿ ಕಡೆ. ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಕೆಲಸ ನನ್ನದು. ಹೊಲದ ನಡುವೆ ಕಂಬ ನೆಟ್ಟು ಕಟ್ಟಿದ ಅಟ್ಟ, ಅದರ ಮೇಲೆ ನಾನು, ನನ್ನ ಕೈಯಲ್ಲಿ ಕವಣಿ. ಹಗ್ಗದ ನಡುವೆ ಅಂಗೈಯಷ್ಟು ಹೆಣಿಗೆ, ಅದರಲ್ಲಿ ಕಲ್ಲಿಟ್ಟು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಒಂದು ತುದಿ ಬಿಟ್ಟರೆ ಕಲ್ಲು ಹೊಲದ ಆ ಬದುವಿಗೆ ಹೋಗುತ್ತಿತ್ತು. ನನ್ನ ಕವಣಿಯ ಕಲ್ಲು ಎಲ್ಲಿ ಹೇಳಿದರೆ ಅಲ್ಲಿ ಬೀಳುತ್ತದೆ ಎಂದು ಸುತ್ತಲಿನ ಹೊಲದವರೆಲ್ಲ ಅನ್ನುತ್ತಿದ್ದರು. ಹಕ್ಕಿ ಕಾಯುವವರಿಗೆ ಒಂದೇ ಒಂದು ಕಟ್ಟಳೆ. ನಮ್ಮಪ್ಪ ಅಟ್ಟ ಹತ್ತಿಸುವಾಗ ದಿನಾ ಹೇಳುತ್ತಿದ್ದ: "ಮದಲ ದನಿ, ಆಮ್ಯಾಲೆ ಕಲ್ಲು." ಹೋಯ್ ಎಂದು ಕೂಗಿಯೇ ಕವಣಿ ತಿರುಗಿಸಬೇಕು. ಜೋಳ ಆಳೆತ್ತರ ನಿಂತಿರುತ್ತದೆ, ಒಳಗೆ ಯಾರಾದರೂ ಸೊಪ್ಪು ಕೀಳುತ್ತಿದ್ದರೆ ದನಿ ಕೇಳಿ ತಾವೂ ಕೂಗುತ್ತಾರೆ.

ಒಂದು ಮುಂಜಾನೆ ಗಿಳಿಗಳ ಹಿಂಡು ಸದ್ದಿಲ್ಲದೆ ಬಂದು ಕೂತಿತು. ಕೂಗಿದರೆ ಹಾರಿಹೋಗುತ್ತವೆ, ಒಂದನ್ನಾದರೂ ಬೀಳಿಸಿ ಎಲ್ಲರಿಗೂ ತೋರಿಸಬೇಕು ಅನ್ನಿಸಿತು. ಕೂಗಲಿಲ್ಲ. ಕಲ್ಲು ಬಿಟ್ಟೆ. ಜೋಳದೊಳಗಿಂದ ಹುಡುಗಿಯೊಬ್ಬಳು ಚೀರಿದಳು. ಹತ್ತರಕಿ ಸೊಪ್ಪಿಗೆ ಬಂದಿದ್ದ ನನ್ನ ಗೆಳತಿ. ಹುಬ್ಬಿನ ಮೇಲೆ ಒಡೆದು ಮುಖವೆಲ್ಲ ರಕ್ತವಾಗಿತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ನೋಡಲಿಲ್ಲ. ಅಟ್ಟ ಇಳಿದು ಬೇರೆ ಹೊಲದಲ್ಲಿ ಹೊತ್ತು ಮುಳುಗುವವರೆಗೆ ಅಡಗಿ ಕೂತಿದ್ದೆ. ಅವಳ ಮನೆಗೆ ಹೋಗಲಿಲ್ಲ. ಆ ವರ್ಷವೇ ಅವಳನ್ನು ಚಡಚಣಕ್ಕೆ ಮದುವೆ ಮಾಡಿ ಕೊಟ್ಟರು, ಮದುವೆಗೂ ಹೋಗಲಿಲ್ಲ. ಆಮೇಲೆ ತವರಿನ ಕಡೆಯ ಒಂದೆರಡು ಕಾರ್ಯಗಳಲ್ಲಿ ಅವಳು ಕಂಡದ್ದುಂಟು. ಹುಬ್ಬಿನ ಮೇಲೆ ಕಲೆಯಿದೆ. ನಾನು ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂತೆ.

"ಆಮ್ಯಾಲೆ ಕೈ ಬಂತೇನು?" ಎಂದು ಮೊಮ್ಮಗಳು ಕೇಳಿದಳು. ಅವಳಿಗೆ ಬೇಕಾದದ್ದು ಅದೊಂದೇ.

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಇಲ್ಲವ್ವಾ. ಒಗದದ್ದೆಲ್ಲಾ ಅಟ್ಟದ ಬುಡಕ ಬೀಳಾಕ ಹತ್ತಿತು. ನಮ್ಮಪ್ಪ ಕವಣಿ ಕಸಗೊಂಡು ನಮ್ಮಣ್ಣಗ ಕೊಟ್ಟ."

ಅವಳು ತುಳಸಿಕಟ್ಟೆಯ ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದಳು. ನಾನು ಯಾಕಾದರೂ ಹೇಳಿದೆನಪ್ಪಾ ಎಂದು ಒಳಗೊಳಗೇ ಬೇಯುತ್ತಿದ್ದೆ. ಕೊನೆಗೆ ಅವಳು ಅಂದಳು, "ಆ ಮುದ್ದೇಬಿಹಾಳದ ಹುಡುಗಿ ಬಾಗೇವಾಡಿಗೆ ಬರ್ತಾಳ."

ದಸರೆಯ ದಿನ ನಮ್ಮಲ್ಲಿ ಬನ್ನಿ ಎಲೆ ಕೊಡುತ್ತೇವೆ. ಹಿರಿಯರಿಗೆ ಕೊಟ್ಟು ಕಾಲು ಮುಟ್ಟುತ್ತೇವೆ, ಸರೀಕರಿಗೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಬನ್ನಿ ಕೊಟ್ಟರೆ ಬೇಡ ಅನ್ನುವಂತಿಲ್ಲ. ಈ ಸಲ ಮೊಮ್ಮಗಳು ಊರೆಲ್ಲ ಬನ್ನಿ ಹಂಚಿ ಬಂದು, ಉಳಿದ ಒಂದು ಹಿಡಿಯನ್ನು ವಹಿಯ ನಡುವೆ ಇಟ್ಟುಕೊಂಡಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಬಾಗೇವಾಡಿಯ ಶಾಲೆಯೊಂದರ ಮೈದಾನದಲ್ಲಿ ಆಟದ ದಿನ ಬೆಳಿಗ್ಗೆ ಎರಡೂ ಕಡೆಯವರು ಮೈ ಸಡಿಲ ಮಾಡಿಕೊಳ್ಳುತ್ತಿದ್ದರು. ನಾನು ಗೋಡೆಯ ಬದಿ ಒಂದು ಕಲ್ಲಿನ ಮೇಲೆ ಕೂತಿದ್ದೆ, ಎದ್ದೆ, ಕೂತೆ. ನಮ್ಮವಳು ವಹಿ ತೆಗೆದು ಮೈದಾನ ದಾಟಿ ಅವರ ಕಡೆ ನಡೆದಳು. "ಏ, ಅತ್ತಾಗ ಎಲ್ಲಿ ಹೊಂಟಿ? ಮ್ಯಾಚ್ ಆಡೂಕಿಂತ ಮದಲ ಕಾಲು ಬೀಳ್ತೀಯೇನು?" ಎಂದು ನಮ್ಮ ಕಡೆಯವಳೇ ಒಬ್ಬಳು ಕೂಗಿದಳು. ಇವಳು ತಿರುಗಲಿಲ್ಲ. ನಾನು ಮೆಲ್ಲಗೆ ಹಿಂದೆಯೇ ಹೋದೆ, ಕೇಳಿಸುವಷ್ಟು ದೂರಕ್ಕೆ.

ಎತ್ತರದ ಹುಡುಗಿ ಮೊಣಕೈಗೆ ದಪ್ಪ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಒಣಗಿ ಮಡಚಿದ ಎಲೆಗಳನ್ನು ನಮ್ಮವಳು ಚಾಚಿದಳು.

"ಅವತ್ತ ಬರಬೇಕಾಗಿತ್ತು ನಾ. ಕಾಲ ಬರಲಿಲ್ಲ. ಬನ್ನಿ ತಗೋ."

ಆ ಹುಡುಗಿ ಎಲೆಯನ್ನೂ ನೋಡಿದಳು, ಇವಳನ್ನೂ ನೋಡಿದಳು. ತೆಗೆದುಕೊಂಡು ಕಾಲುಚೀಲದೊಳಗೆ ಸಿಗಿಸಿಕೊಂಡಳು.

"ತಗೊಂಡೆ. ಬನ್ನಿ ಕೊಟ್ಟೇನಿ ಅಂತ ಮೆಲ್ಲಗ ಒಗದಿ ಅಂದ್ರ ನೋಡು, ಊರ ಆಚೆ ಹೊಡೀತೇನಿ."

"ಜೋರಾಗಿ ಒಗದ್ರ?"

"ಒಗದ್ರೂ ಹೊಡೀತೇನಿ."

ಇಬ್ಬರೂ ನಕ್ಕರು. ನಾನು ಅಂದುಕೊಂಡೆ, ಇನ್ನೇನು, ಕೈ ಬಂದಂತೆಯೇ.

ಎಲ್ಲಿಯ ಬರುವುದು! ಉಳಿದವರಿಗೆ ಹೇಗೋ ಎರಡು ನೇರ, ಎರಡು ಡೊಂಕು ಎಂದು ನಡೆಸಿದಳು. ಎತ್ತರದ ಹುಡುಗಿ ಬ್ಯಾಟು ಹಿಡಿದು ಬಾಗಿದ ಕೂಡಲೇ ನಾಲ್ಕಕ್ಕೆ ನಾಲ್ಕೂ ಹೊರಗೆ. ಆ ಹುಡುಗಿ ಬ್ಯಾಟು ಕೆಳಗಿಟ್ಟು ಮೊದಲ ಬೇಸಿಗೆ ನಡೆದು ಹೋಗಿ ಅಲ್ಲಿಂದ ಕೂಗಿದಳು:

"ಬನ್ನಿ ಮುಟ್ಟೇತಿ, ಚೆಂಡು ಮುಟ್ಟಿಲ್ಲ ನೋಡು!"

ಅವರ ಕಡೆಯವರೆಲ್ಲ ಕೇಕೆ ಹಾಕಿದರು. ನನಗೂ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ.

ಆಟ ಕೊನೆಗೆ ಬಂತು. ನಮ್ಮವರು ಒಂದು ಓಟ ಮುಂದಿದ್ದರು. ಅವರದು ಕೊನೆಯ ಸರದಿ, ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಮುಗಿಯಿತು. ಒಬ್ಬಳು ಬೇಸಿನ ಮೇಲೆ ನಿಂತಿದ್ದಳು. ಆಗ ಬ್ಯಾಟು ಹಿಡಿದು ಬಂದವಳು ಮತ್ತೆ ಅದೇ ಹುಡುಗಿ. ಸರ್ ಮೈದಾನದ ನಡುವೆ ಹೋಗಿ ನಮ್ಮವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ತಲೆ ಅಡ್ಡ ಆಡಿಸಿದಳು. ಸರ್ ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಚೆಂಡನ್ನು ಅವಳ ಕೈಯಲ್ಲಿಟ್ಟು ಹಿಂದಕ್ಕೆ ಬಂದರು.

ಅವಳು ಉಸಿರು ಎಳೆದಳು, ಬಿಟ್ಟಳು. ಕೈ ಎತ್ತಿದಳು. ಆ ಕೈ ಮೇಲೆ ಹೋಗುವಾಗ ನನಗೆ ಬಾಗೇವಾಡಿ ಕಾಣಲಿಲ್ಲ, ಮೈದಾನ ಕಾಣಲಿಲ್ಲ. ಆಳೆತ್ತರದ ಜೋಳ ಕಂಡಿತು. ನನ್ನ ಬಾಯಿಂದ ನನಗೇ ತಿಳಿಯದೆ ಹೊರಟಿತು:

"ಹೋ... ಯ್! ಹೋಯ್ ಹೋಯ್ ಹೋಯ್!"

ಹಕ್ಕಿ ಎಬ್ಬಿಸುವ ದನಿ ಸಣ್ಣದಲ್ಲ. ಗಿಡದೊಳಗಿನ ಕಾಗೆಗಳೆಲ್ಲ ಎದ್ದವು. ಬ್ಯಾಟಿನ ಹುಡುಗಿ ಬೆಚ್ಚಿ ಹಿಂದೆ ಸರಿದಳು. ನಮ್ಮವಳ ಕೈ ಅರ್ಧಕ್ಕೇ ನಿಂತಿತು. ಅಂಪೈರ್ ಎರಡೂ ಕೈ ಎತ್ತಿ ಆಟ ನಿಲ್ಲಿಸಿ ನನ್ನ ಹತ್ತಿರ ಬಂದರು.

"ಅಮ್ಮಾರ, ಬ್ಯಾಟಿಂಗ್ ಮಾಡಾಕೀನ ಅಂಜಿಸಬಾರದ್ರಿ. ಇದು ತಪ್ಪಾಗತೈತಿ."

"ಅಂಜಿಸಲಿಲ್ರಿ ಸಾಹೇಬ್ರ, ಎಚ್ಚರ ಮಾಡಿದೆ. ಮದಲ ದನಿ, ಆಮ್ಯಾಲೆ..."

"ಹೊರಗ ನಡೀರಿ, ಗೇಟಿನ ಆಚೆ."

ಆ ಹುಡುಗಿಗೆ ದೂರದಿಂದಲೇ ಕೈ ಮುಗಿದೆ. ಇಷ್ಟು ವಯಸ್ಸಿಗೆ ಶಾಲೆಯಿಂದ ಹೊರಗೆ ಹಾಕಿಸಿಕೊಂಡದ್ದು ಇದೇ ಮೊದಲು. ಗೇಟಿನ ಕಡೆ ನಡೆಯುತ್ತ ಒಮ್ಮೆ ತಿರುಗಿ ನೋಡಿದೆ. ನಮ್ಮವಳು ನನ್ನನ್ನೇ ನೋಡುತ್ತಿದ್ದಳು, ತುಟಿ ಬಿಗಿ ಹಿಡಿದಿದ್ದಳು. ನಗು ತಡೆದದ್ದೋ ಅಳು ತಡೆದದ್ದೋ ಅಷ್ಟು ದೂರದಿಂದ ತಿಳಿಯಲಿಲ್ಲ.

ಹೊರಗಿನ ಗೋಡೆ ನನಗಿಂತ ಎರಡು ಮೊಳ ಎತ್ತರ. ಏನೂ ಕಾಣುವುದಿಲ್ಲ. ಅಲ್ಲೊಂದು ಕಬ್ಬಿನ ಹಾಲಿನ ಗಾಡಿ ನಿಂತಿತ್ತು, ಗಾಣದ ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು.

"ಯಾಕ್ರೀ ಆಯಿ, ಹೊರಗ ಹಾಕಿದ್ರೇನು?" ಎಂದ ಗಾಡಿಯವನು.

"ಹ್ಞೂಂನಪ್ಪಾ."

"ಈ ವಯಸ್ಸಿನಾಗ ಏನ್ ಮಾಡಿದ್ರಿ ಅಂಥಾದ್ದು?"

"ಹಕ್ಕಿ ಎಬ್ಬಿಸಿದೆ. ನಿನ್ನ ಗಾಣ ಒಂದ್ಚೂರು ನಿಲ್ಲಸೋ ಯಪ್ಪಾ, ಒಳಗಿಂದು ಏನೂ ಕೇಳಸವಲ್ದು."

"ಗಿರಾಕಿ ನಿಂತಾರ್ರಿ."

"ನಿಂತಿರ್ಲಿ, ಓಡಿ ಹೋಗೂದಿಲ್ಲ!"

ಅವನು ನಿಲ್ಲಿಸಿದ. ನನ್ನ ಮುಖ ಹಾಗಿತ್ತೋ ಏನೋ. ಗಿರಾಕಿಗಳೂ ಸುಮ್ಮನಾದರು. ನಾನು ಗೋಡೆಗೆ ಕಿವಿ ಹಚ್ಚಿದೆ. ಕೊಟ್ಟಿಗೆಯ ಮುಂದೆ ಅಷ್ಟು ದಿನ ನಿಂತವಳಿಗೆ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತದೆ. ನೇರ ಬಂದು ಕೈಗವಸಿಗೆ ಬಿದ್ದರೆ ಧಪ್ ಎನ್ನುತ್ತದೆ. ಹೊರಗೆ ಹೋದರೆ ಕ್ಯಾಚರ್ ಓಡುವ ಕಾಲಿನ ಸದ್ದು.

ಕಾಲಿನ ಸದ್ದು ಕೇಳಿತು. ಹೊರಗೆ.

ಮತ್ತೆ ಕಾಲಿನ ಸದ್ದು. ನಾನು ಗೋಡೆ ಬಿಟ್ಟು ರಸ್ತೆಯವರೆಗೆ ಹೋಗಿ ಬಂದೆ. ಕೇಳುವುದೇ ಬೇಡ ಅನ್ನಿಸಿತು, ಕೇಳದೆ ಇರಲೂ ಆಗಲಿಲ್ಲ. ಮತ್ತೆ ಕಿವಿ ಹಚ್ಚಿದೆ.

ಧಪ್.

"ಏನಾತ್ರಿ?" ಎಂದ ಗಾಡಿಯವನು. ನಾನು ಅವನ ಬಾಯಿ ಮುಚ್ಚುವ ಹಾಗೆ ಕೈ ಮಾಡಿದೆ. ಕೈಗವಸಿನ ಸದ್ದೇ ಅದು, ತಪ್ಪುವುದಿಲ್ಲ. ಆದರೆ ಒಂದು ಸದ್ದನ್ನು ನಂಬುವುದು ಹೇಗೆ? ಗಾಳಿಗೂ ಒಮ್ಮೊಮ್ಮೆ ಹಾಗೆ ಕೇಳುತ್ತದೆ. ಒಳಗೆ ಎಲ್ಲ ನಿಶ್ಶಬ್ದವಾಯಿತು.

ಆಮೇಲೆ, ಒಣ ಕಟ್ಟಿಗೆ ಸೀಳಿದ ಹಾಗೆ, ಫಟ್! ಮುದ್ದೇಬಿಹಾಳದವರ ಕಡೆಯಿಂದ ಕೇಕೆ. ನಾನು ತಲೆ ಎತ್ತುವಷ್ಟರಲ್ಲಿ ಗೋಡೆಯ ಮೇಲಿಂದ ಬಿಳಿಯದೊಂದು ಹಾರಿ ಬಂದು, ರಸ್ತೆಗೆ ಬಡಿದು ಪುಟಿದು, ಗಾಡಿಯ ಪಕ್ಕದ ಕಬ್ಬಿನ ಸಿಪ್ಪೆಯ ಗುಡ್ಡೆಯಲ್ಲಿ ಹೂತು ಕೂತಿತು. ಓಡಿ ಹೋಗಿ ಎತ್ತಿಕೊಂಡೆ. ಕೌದಿಯ ಹೊಲಿಗೆ. ಇನ್ನೂ ಬೆಚ್ಚಗಿತ್ತು.

ಹೊರಗೆ ಹೋದ ಚೆಂಡು ಬ್ಯಾಟಿಗೆ ಸಿಗುವುದಿಲ್ಲ. ಇಷ್ಟು ದೂರ ಬಂದಿದೆ ಅಂದರೆ ನೇರ ಬ್ಯಾಟಿನ ಹೊಟ್ಟೆಗೇ ಹೋಗಿದೆ. ಆ ಹುಡುಗಿ ಎದುರು ನಿಂತಿರುವಾಗ, ಆ ಮೊಣಕೈಯ ಪಕ್ಕಕ್ಕೇ, ಅಂಜದೆ ಒಗೆದಿದ್ದಾಳೆ! ನಾನು ಅಲ್ಲೇ ರಸ್ತೆಯಲ್ಲಿ ಚೆಂಡು ಹಿಡಿದು ಕುಣಿದೆ. ಕುಣಿದೆ ಅಂದರೆ ಕುಣಿದೆ, ಅದಕ್ಕೆ ಬೇರೆ ಶಬ್ದವಿಲ್ಲ.

"ನಿಮ್ಮ ಹುಡುಗಿ ಹೊಡದದ್ದೇನ್ರಿ ಆಯಿ?" ಎಂದು ಗಾಡಿಯವನೂ ನಗತೊಡಗಿದ.

"ಅಲ್ಲೋ! ನಮ್ಮ ಹುಡುಗಿ ಒಗದದ್ದು!"

ಒಳಗಿಂದ ಯಾರೋ "ಚೆಂಡ್ರೀ, ಚೆಂಡು!" ಎಂದು ಕೂಗಿದರು. ಗಾಡಿಯವನು ಕೊಡಿ ಎಂದು ಕೈ ಚಾಚಿದ. ನಾನು ಕೊಡಲಿಲ್ಲ. ರಸ್ತೆಯ ನಡುವಿಗೆ ಹೋಗಿ ನಿಂತು, ಸೆರಗು ಸೊಂಟಕ್ಕೆ ಸಿಗಿಸಿ, ಗಟ್ಟಿಯಾಗಿ "ಹೋಯ್!" ಅಂದೆ. ಗೋಡೆಯ ಆಚೆಯಿಂದ ಒಂದು ದನಿ "ಹೋಯ್" ಅಂದಿತು. ನನ್ನ ಮೊಮ್ಮಗಳದ್ದೇ. ಆಗ ಒಗೆದೆ. ಗೋಡೆಗೆ ಬಡಿದು ನನ್ನ ಕಾಲಿಗೇ ಬಂತು. ಇನ್ನೊಮ್ಮೆ "ಹೋಯ್" ಅಂದು ಒಗೆದೆ. ಗೋಡೆಯ ನೆತ್ತಿ ಸವರಿಕೊಂಡು ಒಳಗೆ ಹೋಯಿತು. ಭುಜ ಈಗಲೂ ನೋಯುತ್ತಿದೆ, ದಿನಾ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೇನೆ. ಚೆಂಡು ಒಳಗೆ ಒಗೆದವಳು ನಾನು ಅಂದರೆ ನಮ್ಮ ಮನೆಯಲ್ಲಿ ಮೊಮ್ಮಗಳ ಹೊರತು ಯಾರೂ ನಂಬುವುದಿಲ್ಲ.

ಗೇಟು ತೆರೆದಾಗ ಒಳಗೆ ಓಡಿದೆ. ಆ ಒಂದು ಹೊಡೆತಕ್ಕೆ ಎರಡು ಓಟ ಬಂದು ಮುದ್ದೇಬಿಹಾಳದವರು ಗೆದ್ದಿದ್ದರು. ಎತ್ತರದ ಹುಡುಗಿ ಮೂರೂ ಬೇಸು ಸುತ್ತಿ ಮನೆ ಮುಟ್ಟಿ, ತನ್ನವರ ಕಡೆ ಹೋಗದೆ ನೇರ ನಮ್ಮವಳ ಹತ್ತಿರ ಬಂದಿದ್ದಳಂತೆ. ನಾನು ಹೋದಾಗ ಇಬ್ಬರೂ ಮಣ್ಣಲ್ಲಿ ಕೂತು ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು. ಆ ಹುಡುಗಿ ನನ್ನನ್ನು ನೋಡಿ, "ಆಯಿ, ಮುಂದಿನ ಸಲ ನಮ್ಮ ಕಡೆ ಒದರ್ರಿ," ಅಂದಳು.

ಬರುವಾಗ ಬಸ್ಸಿನಲ್ಲಿ ನಮ್ಮ ತಂಡದವರು ಗಪ್‌ಚಿಪ್. ಸರ್ ಕಿವಿಯಲ್ಲಿ ಏನು ಹೇಳಿದ್ದರೆಂಬುದು ಆಗ ಗೊತ್ತಾಯಿತು. ಆ ಹುಡುಗಿಯನ್ನು ಬೇಕೆಂದೇ ನಡೆಯಲು ಬಿಡು, ನಾಲ್ಕೂ ಹೊರಗೆ ಒಗೆ, ಮುಂದೆ ಬರುವವಳು ಎಳೆಯವಳು, ಅವಳನ್ನು ಔಟು ಮಾಡೋಣ, ಅದೂ ಆಟದ ನಿಯಮದೊಳಗೇ ಇದೆ ಅಂದಿದ್ದರಂತೆ. ನಮ್ಮ ಕ್ಯಾಚರ್ ಹುಡುಗಿ ಮುಂದಿನ ಸೀಟಿನಿಂದ ತಿರುಗಿ ಸಿಡುಕಿದಳು:

"ತಿಂಗಳಿಡೀ ಹೊರಗ ಒಗದಿ. ಇವತ್ತೊಂದ ದಿನ ಹೊರಗ ಒಗದಿದ್ರ ಗೆಲ್ತಿದ್ವಲ್ಲ!"

"ಒಗೀಬಹುದಿತ್ತು," ಎಂದಳು ನನ್ನ ಮೊಮ್ಮಗಳು. "ಆದ್ರ ಬೇಕಂತ ಒಗದೆನೋ ಅಂಜಿ ಒಗದೆನೋ ನನಗ ಗೊತ್ತಾಗ್ತಿರಲಿಲ್ಲ."

ಕ್ಯಾಚರ್ ಮುಂದಕ್ಕೆ ತಿರುಗಿದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ತಿರುಗಿ, ಒಂದು ಹಿಡಿ ಹುರಿದ ಶೇಂಗಾ ಇವಳ ಉಡಿಯಲ್ಲಿ ಹಾಕಿದಳು. "ಕೈಗವಸಿನ್ಯಾಗ ಬಿದ್ದದ್ದು ಮಾತ್ರ ಭಾಳ ಜೋರಿತ್ತು. ಇನ್ನೂ ಉರೀತೈತಿ ಅಂಗೈ," ಎಂದಳು.

ಬಸ್ಸಿನಲ್ಲಿ ಈ ಸಲ ನಾನು ಕೈಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಾಯಿಗೆ ಬಂದದ್ದನ್ನು ಶೇಂಗಾದ ಜೊತೆ ನುಂಗಿದೆ. ಊರು ಬರುವವರೆಗೆ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು, ಆ ಒಗೆಯುವ ಕೈ ನನ್ನ ಮಡಿಲಲ್ಲೇ ಇತ್ತು.

ಎದುರು ಮನೆಯಾಕೆಗೆ ಇದೇ ಹೇಳಬೇಕಾಗಿತ್ತು ನನಗೆ. ಅವಳು ನೀರು ಕೊಟ್ಟಳು.

ಇವತ್ತು ಬೆಳಿಗ್ಗೆ ಮೊಮ್ಮಗಳು ಶಾಲೆಗೆ ಹೊರಟವಳು, ಈ ವಹಿಯನ್ನೇ ತಂದು ನನ್ನ ಮುಂದೆ ಬಿಚ್ಚಿದಳು. ಹಾಳೆಗಳ ನಡುವೆ ಎರಡು ಬನ್ನಿ ಎಲೆ ಉಳಿದಿದ್ದವು.

"ಇವು ನಿನ್ನವು, ಆಯಿ. ಚಡಚಣಕ್ಕ."

"ದಸರಾ ಮುಗದು ಎಷ್ಟ ದಿನಾ ಆತು! ಈಗ ಬನ್ನಿ ಒಯ್ದು ಕೊಟ್ರ ಆಕಿ ನಗ್ತಾಳ ನನ್ನ ನೋಡಿ."

"ನಗಲಿ ಬಿಡ. ನನ್ನ ನೋಡಿ ಮೈದಾನ ತುಂಬ ನಕ್ಕರು."

ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದಳು. ನಾನು ಇಷ್ಟು ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದು ಕೂತಿದ್ದೇನೆ. ಇಂಡಿಯ ಬಸ್ಸು ಹಿಡಿದರೆ ಅಲ್ಲಿಂದ ಚಡಚಣಕ್ಕೆ ಇನ್ನೊಂದು ಬಸ್ಸು. ತಾಟಿನಲ್ಲಿ ಉಳಿದ ಸಕ್ಕರೆಯನ್ನು ಕಾಗದದಲ್ಲಿ ಕಟ್ಟಿಟ್ಟಿದ್ದೇನೆ, ಎಲೆ ಎರಡೂ ಅದರ ಮೇಲಿವೆ. ಸೀರೆ ಉಟ್ಟು ಆಗಿದೆ. ಅವಳ ಮನೆಯ ಬಾಗಿಲಲ್ಲಿ ನಿಂತು ಮೊದಲು ಏನೆಂದು ಕೂಗಬೇಕು ಎಂಬುದೊಂದು ಹೊಳೆಯುತ್ತಿಲ್ಲ. ಹೋಯ್ ಅಂದರೆ ತಿಳಿದಾಳು.